ಸುಮತಿಗೆ ದುಡ್ಡೆಣಿಸಲು ಕಲಿಸಿದ ವರ್ಷ

ಮಕ್ಕಳ ಕೈಗೆ ದುಡ್ಡು ಕೊಡಬಾರದು ಎಂದು ವಾದಿಸುವವರನ್ನು ನಾನು ಆಯುಷ್ಯದುದ್ದಕ್ಕೂ ಎದುರಿಸಿದ್ದೇನೆ. ಅವರಲ್ಲಿ ಬಹುಪಾಲು ಜನ ಒಳ್ಳೆಯವರು. ಶಾಲೆಗಳ ಆಡಳಿತ ಮಂಡಳಿಗಳಲ್ಲಿ ಕುಳಿತು ಮಕ್ಕಳ ಹಿತವನ್ನೇ ಬಯಸಿದವರು. ಹಣದ ಪರಿಚಯ ಎಳೆಯ ಮನಸ್ಸನ್ನು ಕೆಡಿಸುತ್ತದೆ ಎಂಬುದು ಅವರ ಮೊದಲನೆಯ ವಾದ. ಎಣಿಕೆಯನ್ನು ಹುಣಸೆಬೀಜದಿಂದಲೂ ಕಲಿಸಬಹುದಲ್ಲ, ಅದಕ್ಕೆ ನಾಣ್ಯವೇ ಏಕೆ ಬೇಕು ಎಂಬುದು ಎರಡನೆಯದು. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ ಆಮೇಲೆ ಖಂಡಿಸಬೇಕೆಂದು ಕಾಲೇಜಿನ ಚರ್ಚಾಕೂಟದಲ್ಲಿ ನನಗೆ ಕಲಿಸಿದರು, ನಾನೂ ಹಾಗೆಯೇ ಮಾಡುತ್ತ ಬಂದೆ. ಆದರೆ ಈ ಒಂದು ವಿಷಯದಲ್ಲಿ ನನ್ನ ಪಕ್ಷ ಯಾವುದೆಂಬುದು ಕಾಲೇಜಿನ ಮೆಟ್ಟಿಲು ಹತ್ತುವುದಕ್ಕಿಂತ ಎಷ್ಟೋ ಮೊದಲೇ ತೀರ್ಮಾನವಾಗಿತ್ತು. ದುಡ್ಡಿನಿಂದ ಯಾರನ್ನು ಕಾಪಾಡುತ್ತೇವೆಂದು ಹೇಳುತ್ತಾರೋ ಅವರನ್ನು ಮನೆಯ ಯಾವ ಕೋಣೆಯಲ್ಲಿ ಕೂರಿಸುತ್ತಾರೆ ಎಂಬುದನ್ನು ನಾನು ಮದರಾಸಿನ ಒಂದು ಹೋಟೆಲಿನ ಮಹಡಿಯ ಮೇಲೆ, ನನ್ನ ತಂಗಿಯ ಬೆನ್ನಿಗೆ ನಿಂತು ನೋಡಿದ್ದೇನೆ. ಆದ್ದರಿಂದ ಹುಣಸೆಬೀಜದ ವಾದವನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಪ್ಯಾರೀಸ್ ಕಾರ್ನರಿನಿಂದ ಒಳಕ್ಕೆ ತಿರುಗುವ ಬೀದಿಯೊಂದರಲ್ಲಿ ನಮ್ಮ ಹೋಟೆಲು ಇತ್ತು. ಉಡುಪಿಯ ಕಡೆಯಿಂದ ಬಂದ ಅಣ್ಣತಮ್ಮಂದಿರಿಬ್ಬರ ಹೋಟೆಲು ಅದು: ದೊಡ್ಡಪ್ಪ ಮುಂದೆ ಗಲ್ಲಾದಲ್ಲಿ ಕೂರುತ್ತಿದ್ದರು, ಅಪ್ಪ ಹಿಂದೆ ಒಲೆಯ ಮುಂದೆ ನಿಲ್ಲುತ್ತಿದ್ದರು. ಸಗಟು ಅಂಗಡಿಗಳ ಗುಮಾಸ್ತರು, ಬಂದರಿನ ಕಚೇರಿಯವರು, ಹೈಕೋರ್ಟಿಗೆ ಬಂದ ಕಕ್ಷಿಗಾರರು ಬೆಳಗಿನಿಂದ ಬಂದು ಹೋಗುತ್ತಿದ್ದರು. ಮೇಲೆ ನಾವು. ರೈಲಿನ ಡಬ್ಬಿಗಳಂತೆ ಒಂದರ ಹಿಂದೆ ಒಂದು ಮೂರು ಕೋಣೆಗಳು. ಬೀದಿಯ ಕಡೆಯದು ಹೊರಕೋಣೆ, ನಡುವಿನದು ದೇವರಿಗೂ ಹಾಸಿಗೆಗಳಿಗೂ ಸೇರಿದ್ದು, ಕೊನೆಯದು ಅಡುಗೆಮನೆ. ಅಡುಗೆಮನೆಯ ಮೂಲೆಯಿಂದ ಒಂದು ಕಿರಿದಾದ ಮೆಟ್ಟಿಲು ನೇರವಾಗಿ ಹೋಟೆಲಿನ ಒಲೆಮನೆಗೆ ಇಳಿಯುತ್ತಿತ್ತು. ಇನ್ನೊಂದು, ಹೊರಗೋಡೆಗೆ ಅಂಟಿಕೊಂಡು, ಹಿಂದಿನ ಓಣಿಗೆ. ಕೆಳಗಿನ ಊಟದ ಗದ್ದಲ ಮುಗಿದ ಮೇಲೆ ಉಳಿದ ಸಾಂಬಾರು, ಪಲ್ಯ, ತಣಿದು ಮೆತ್ತಗಾದ ವಡೆ ಆ ಒಳಮೆಟ್ಟಿಲಿನಿಂದ ಮೇಲೆ ಬರುತ್ತಿದ್ದವು. ಬೀದಿಗೆಲ್ಲ ಬಿಸಿಬಿಸಿ ತಿಂಡಿ ಕೊಟ್ಟ ಮನೆಯ ಹೆಂಗಸರು ತಮ್ಮದೇ ಹೋಟೆಲಿನ ಬಿಸಿ ವಡೆಯನ್ನು ತಿಂದವರಲ್ಲ. ಇದನ್ನು ದುಃಖವೆಂದು ಆಗ ಯಾರೂ ಎಣಿಸಿರಲಿಲ್ಲ. ಅದು ಮನೆಯ ಕ್ರಮ, ಅಷ್ಟೆ.

ಮಧ್ಯಾಹ್ನ ಮೂರರ ಹೊತ್ತಿಗೆ ಗಿರಾಕಿಗಳು ವಿರಳವಾದಾಗ ಗಲ್ಲಾದ ದುಡ್ಡು ಒಂದು ಹಿತ್ತಾಳೆಯ ಪಾತ್ರೆಯಲ್ಲಿ ಹೊರಕೋಣೆಗೆ ಬರುತ್ತಿತ್ತು. ಚಾಪೆ ಹಾಸಿ ದೊಡ್ಡಪ್ಪ ಅದನ್ನು ಸುರಿದರೆ, ದೊಡ್ಡಪ್ಪನ ದೊಡ್ಡ ಮಗನೂ ಅಪ್ಪನೂ ಸುತ್ತ ಕೂತು ನಾಣ್ಯಗಳನ್ನು ಬೇರೆಬೇರೆ ಮಾಡುತ್ತಿದ್ದರು. ಅಲ್ಲಿ ಎಣಿಕೆ ‘ಒಂದು’ ಎಂದು ಶುರುವಾಗುತ್ತಿರಲಿಲ್ಲ. ಮೊದಲನೆಯದಕ್ಕೆ ‘ಲಾಭ’ ಎನ್ನಬೇಕು, ಆಮೇಲೆ ಎರಡು, ಮೂರು. ನಡುಬಾಗಿಲಿನ ಈಚೆಯಿಂದ ಇದನ್ನೇ ಕೇಳಿ ಬೆಳೆದ ನಾನು ಶಾಲೆಗೆ ಸೇರಿದ ಹೊಸತರಲ್ಲಿ, ಬೆಂಚಿನ ಮೇಲಿನ ಪೆನ್ಸಿಲುಗಳನ್ನು ಎಣಿಸು ಎಂದ ಟೀಚರಿಗೆ “ಲಾಭ, ಎರಡು, ಮೂರು” ಎಂದು ಎಣಿಸಿ ಹೇಳಿ, ತಮಿಳು ಮಕ್ಕಳಿಂದ ತುಂಬಿದ ತರಗತಿಯಲ್ಲಿ ನಗೆಪಾಟಲಾಗಿದ್ದೆ. ಸಂಖ್ಯೆಗಳ ಸಾಲಿನಲ್ಲಿ ಮೊದಲನೆಯದು ಲಾಭ ಎಂದೇ ನಾನು ನಂಬಿದ್ದೆ. ಆ ಕೋಣೆಯೊಳಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ದುಡ್ಡು ಎಣಿಸಿ ಮುಗಿದು, ಕಬ್ಬಿಣದ ಪೆಟ್ಟಿಗೆಗೆ ಸೇರಿ, ಚಾಪೆ ಸುತ್ತಿದ ಮೇಲೆ ಕಾಫಿ ತೆಗೆದುಕೊಂಡು ಹೋಗಬಹುದು. ಗಂಡುಮಗುವಿಗೆ ಆರು ತುಂಬಿದ ವಿಜಯದಶಮಿಗೆ ಅವನನ್ನು ಹೋಟೆಲಿನ ಗಲ್ಲಾದ ಮೇಲೆ ಕೂರಿಸಿ, ಗಿರಾಕಿಯ ಕೈಯಿಂದ ದುಡ್ಡು ಇಸಿದುಕೊಂಡು ಚಿಲ್ಲರೆ ಎಣಿಸಿ ಕೊಡಿಸುತ್ತಿದ್ದರು. ಅದು ನಮ್ಮ ಮನೆಯ ನಿಜವಾದ ಅಕ್ಷರಾಭ್ಯಾಸ. ಹೆಣ್ಣುಮಗುವಿಗೆ ಸ್ಲೇಟು ಮತ್ತು ಬಳಪ ಸಾಕಾಗುತ್ತಿತ್ತು.

ನನ್ನ ತಮ್ಮ ರಘುವಿನ ಸರದಿ ಬಂದ ವರ್ಷವೇ ನಯಾಪೈಸೆ ಬಂತು. ರೂಪಾಯಿಗೆ ಹದಿನಾರಾಣೆ ಎಂಬ ನೆಲದ ಮೇಲೆ ನಿಂತಿದ್ದ ನಮ್ಮ ಹಿರಿಯರ ಕಾಲಕೆಳಗೆ ಆ ನೆಲ ಸರಿಯಿತು. ರೂಪಾಯಿಗೆ ನೂರು ಪೈಸೆಯಂತೆ; ಹಾಗಾದರೆ ಒಂದಾಣೆಗೆ ಆರೂಕಾಲು. ಕಾಲು ಪೈಸೆಯ ನಾಣ್ಯ ಇಲ್ಲವಾದ್ದರಿಂದ ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು ಎಂದು ಗೊತ್ತುಮಾಡಿದ ಪಟ್ಟಿಯೊಂದು ಅಂಗಡಿ ಅಂಗಡಿಯಲ್ಲೂ ತೂಗಾಡಿತು. ನಮ್ಮ ಹೋಟೆಲಿನಲ್ಲಿ ಅದನ್ನು ಗಿರಾಕಿಗೆ ಕಾಣಲೆಂದು ದೊಡ್ಡಪ್ಪನ ತಲೆಯ ಹಿಂದಿನ ಗೋಡೆಗೆ ಹೊಡೆದಿದ್ದರು. ಗಿರಾಕಿಗೆ ಕಾಣುತ್ತಿತ್ತು, ದೊಡ್ಡಪ್ಪನಿಗೆ ಕಾಣುತ್ತಿರಲಿಲ್ಲ. ಆಣೆಯ ಲೆಕ್ಕದಲ್ಲಿ ಮದರಾಸಿನಲ್ಲೇ ತಮ್ಮಂಥವರಿಲ್ಲ ಎನ್ನಿಸಿಕೊಂಡಿದ್ದ ದೊಡ್ಡಪ್ಪ ಪ್ರತಿಯೊಂದು ಬಿಲ್ಲಿಗೂ ಹಿಂದಕ್ಕೆ ತಿರುಗಿ ಪಟ್ಟಿ ನೋಡಬೇಕಾಯಿತು. ಸಂಜೆ ದೊಡ್ಡಮ್ಮ ಅವರ ಕತ್ತಿಗೆ ಎಣ್ಣೆ ಬಿಸಿಮಾಡಿ ಹಚ್ಚುತ್ತಿದ್ದರು. ಪಟ್ಟಿಯನ್ನು ಎದುರುಗೋಡೆಗೆ ಹೊಡೆಯಬಾರದೇ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗೆ ಕೇಳಿದರೆ ಅವರಿಗೆ ಅದು ಬೇಕು ಎಂದು ಹೇಳಿದಂತಾಗುತ್ತಿತ್ತು.

ಹೀಗಿರುವಾಗ ರಘುವಿಗೆ ಹೊಸ ದುಡ್ಡನ್ನು ಕಲಿಸುವವರು ಯಾರು? ನನಗಾಗ ಹತ್ತು ವರ್ಷ. ಶಾಲೆಯಲ್ಲಿ ಹೊಸ ಲೆಕ್ಕ ಹೇಳಿಕೊಟ್ಟಿದ್ದರು, ನನಗೆ ಅದು ಆಣೆಗಿಂತ ಹಗುರವಾಗಿ ಕಂಡಿತ್ತು. ಅಮ್ಮ ಒಂದು ಮಧ್ಯಾಹ್ನ, ಅತ್ತ ಹೊರಕೋಣೆಯ ಬಾಗಿಲು ಹಾಕಿಕೊಂಡ ಹೊತ್ತಿನಲ್ಲಿ, ರಘುವನ್ನು ಅಡುಗೆಮನೆಗೆ ಎಳೆದು ತಂದು ನನ್ನ ಮುಂದೆ ಕೂರಿಸಿದಳು. ಕಲಿಸಲು ನಾಣ್ಯ ಬೇಕಲ್ಲ ಎಂದೆ. ಬೀಜ, ಕಡ್ಡಿ, ಕಾಳು ಯಾವುದೂ ಆಗದು ಎಂದು ಹಠ ಹಿಡಿದೆ. ಐದು ಪೈಸೆಯ ಚೌಕವನ್ನೂ ಎರಡು ಪೈಸೆಯ ಹೂವಿನಂಥ ಅಂಚನ್ನೂ ಬೆರಳು ತಿಳಿಯದಿದ್ದರೆ ಗಲ್ಲಾದ ಮೇಲೆ ಕೂತ ಹುಡುಗ ಬೆಪ್ಪಾಗುತ್ತಾನೆ. ಅಮ್ಮ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಅಟ್ಟದಿಂದ ಬಿಸ್ಕತ್ತಿನ ಡಬ್ಬವೊಂದನ್ನು ಇಳಿಸಿದಳು. ಅರಿಸಿನ ಕುಂಕುಮಕ್ಕೆ ಹೋದಲ್ಲಿ ವೀಳ್ಯದೆಲೆಯ ಮೇಲೆ ಇಟ್ಟುಕೊಟ್ಟ ದಕ್ಷಿಣೆಯ ಕಾಸುಗಳು ಅದರಲ್ಲಿದ್ದವು. ಮದುವೆಯಾದಂದಿನಿಂದ ಬಂದದ್ದನ್ನು ಹಾಗೆಯೇ ಹಾಕುತ್ತ ಬಂದಿದ್ದಳು. ಖರ್ಚು ಮಾಡಲು ಅವಳು ಹೋಗುವ ಅಂಗಡಿಯೇ ಇರಲಿಲ್ಲ. ಹಿಂದಿನ ಓಣಿಯ ಮೆಟ್ಟಿಲಿಗೆ ಬರುವ ಹೂವಿನವಳ ಹತ್ತಿರ ಅದರಲ್ಲಿ ಅರ್ಧವನ್ನು ಹೊಸ ನಾಣ್ಯಕ್ಕೆ ಬದಲಾಯಿಸಿಕೊಂಡೆವು.

ನಮ್ಮ ಪಾಠ ಹೋಟೆಲಿನ ಆಟವಾಗಿ ನಡೆಯಿತು. ಒರಳುಕಲ್ಲೇ ಗಲ್ಲಾ. ಅಮ್ಮ ಹಿಟ್ಟು ರುಬ್ಬುತ್ತಲೇ ಗಿರಾಕಿ. ಒಂದು ಕಾಫಿ, ಎರಡು ಇಡ್ಲಿ ಎಂದು ಹೇಳಿ, ಒದ್ದೆ ಕೈಯಿಂದಲೇ ಎಂಟಾಣೆ ಚಾಚುವಳು. ರಘು ಚಿಲ್ಲರೆ ಎಣಿಸಬೇಕು. ಅವನು ಒಳ್ಳೆಯ ಹುಡುಗ, ಹೇಳಿದ್ದನ್ನು ಹೇಳಿದಷ್ಟು ಕಲಿತ. ಕರೆಯದೆ ಬಂದು ಕೂತವಳು ನನ್ನ ತಂಗಿ ಸುಮತಿ. ಅವಳಿಗೆ ಐದು ತುಂಬಿತ್ತು. ನಮ್ಮ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಬೀದಿಯ ತಮಿಳಿನಲ್ಲಿ ಬರುತ್ತಿತ್ತು. ಮೊದಮೊದಲು ಅವಳು ಬಿದ್ದ ಕಾಸನ್ನು ಹೆಕ್ಕಿಕೊಡುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿ ಅಂಚು ಸವರಿ ಯಾವ ನಾಣ್ಯವೆಂದು ಹೇಳತೊಡಗಿದಳು. ರಘು ತಡವರಿಸಿದಾಗ ಅವನ ಕಿವಿಯಲ್ಲಿ ಮೊತ್ತ ಹೇಳುತ್ತಿದ್ದಳು. ಮಕ್ಕಳು ದುಡ್ಡು ಎಣಿಸುವುದನ್ನು ಕಲಿಯುವಾಗ ಅವರ ಮುಖದಲ್ಲಿ ಆಸೆ ಕಾಣುತ್ತದೆ ಎನ್ನುವವರು ಅದನ್ನು ಹತ್ತಿರದಿಂದ ನೋಡಿದವರಲ್ಲ. ನಾನು ಕಂಡದ್ದು ನೆಟ್ಟಗೆ ಕೂತ ಬೆನ್ನು. ಇಷ್ಟು ಕೊಟ್ಟೆ, ಇಷ್ಟು ಬರಬೇಕು, ಬಂತು: ಈ ಮೂರು ಹೆಜ್ಜೆಯ ನ್ಯಾಯ ಆ ವಯಸ್ಸಿನ ಮಗುವಿಗೆ ಜಗತ್ತಿನಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಎಲ್ಲ ಕಡೆ ದೊಡ್ಡವರು ಹೇಳಿದ್ದೇ ಸರಿ. ಇಲ್ಲಿ ಮಾತ್ರ, ದೊಡ್ಡವರು ತಪ್ಪಿದರೆ ಅದು ತಪ್ಪೇ.

ವಿಜಯದಶಮಿಯ ಬೆಳಗ್ಗೆ ರಘು ಗಲ್ಲಾದ ಮೇಲೆ ಕೂತು, ಬಂದರಿನ ಕಚೇರಿಯ ಗಿರಾಕಿಯೊಬ್ಬರು ಕೊಟ್ಟ ಒಂದು ರೂಪಾಯಿಗೆ ಬಿಲ್ಲು ಕಳೆದು ಚಿಲ್ಲರೆಯನ್ನು ತಪ್ಪಿಲ್ಲದೆ ಎಣಿಸಿಕೊಟ್ಟ. ಒಳಮೆಟ್ಟಿಲಿನ ಬಾಗಿಲ ಸಂದಿನಿಂದ ನಾನೂ ಸುಮತಿಯೂ ನೋಡಿದೆವು. ಸುಮತಿ ಬೆಳಗಿನಿಂದಲೇ ರೇಷ್ಮೆಯ ಲಂಗ ಉಟ್ಟು ಸಿದ್ಧವಾಗಿದ್ದಳು. ಕಲಿತವರನ್ನೆಲ್ಲ ಕೂರಿಸುತ್ತಾರೆ ಎಂದು ಅವಳು ತಿಳಿದಿದ್ದಳು, ನಾನು ಬೇರೆಯಾಗಿ ಹೇಳಿರಲಿಲ್ಲ. ರಘು ಇಳಿದದ್ದೇ ತಡ, ಬಾಗಿಲು ತಳ್ಳಿಕೊಂಡು ಹೋಗಿ ರಘುವಿಗೆಂದು ಗಲ್ಲಾದ ಬಳಿ ಇಟ್ಟಿದ್ದ ಸ್ಟೂಲನ್ನು ಹತ್ತಿಬಿಟ್ಟಳು. ದೊಡ್ಡಪ್ಪ ನಗುತ್ತಲೇ ಅವಳ ಎರಡೂ ಕಂಕುಳಲ್ಲಿ ಕೈಕೊಟ್ಟು ಎತ್ತಿ, ಬೆಕ್ಕಿನ ಮರಿಯನ್ನು ಇಡುವಂತೆ, ಕೆಳಗಿಟ್ಟರು. ಅವಳು ಅಳಲಿಲ್ಲ. ನನ್ನ ಹತ್ತಿರ ವಾಪಸು ಬಂದು, ನನಗೆ ಎಲ್ಲಿ ತಪ್ಪಾಯಿತು ಎಂದು ತಮಿಳಿನಲ್ಲಿ ಕೇಳಿದಳು. ಲೆಕ್ಕ ತಪ್ಪಿದ್ದರಿಂದಲೇ ಇಳಿಸಿದರೆಂದು ಅವಳು ಭಾವಿಸಿದ್ದಳು.

ಆ ಮಧ್ಯಾಹ್ನ ಪಾಯಸದ ಊಟವಾದ ಮೇಲೆ ಹೊರಕೋಣೆಯಲ್ಲಿ ಎಲ್ಲರೂ ಸೇರಿದ್ದಾಗ ದೊಡ್ಡಪ್ಪ ರಘುವಿನ ಕೈಗೆ ಬೆಳ್ಳಿಯ ರೂಪಾಯಿ ಇಟ್ಟು, ಯಾರು ಕಲಿಸಿದ್ದು ಎಂದು ಕೇಳಿದರು. ಅಪ್ಪನ ಹೆಸರು ಬರುತ್ತದೆಂದು ಅವರು ಎಣಿಸಿದ್ದಿರಬೇಕು. ಅಕ್ಕ, ಅಡುಗೆಮನೆಯಲ್ಲಿ, ಎಂದು ರಘು ನಿಜ ಹೇಳಿದ. ದೊಡ್ಡಪ್ಪ ಸಿಟ್ಟು ಮಾಡಲಿಲ್ಲ, ಅದನ್ನು ನಾನು ನ್ಯಾಯವಾಗಿ ಹೇಳಬೇಕು.

“ಕಲಿಸಿದ್ದು ಒಳ್ಳೆದಾಯ್ತು ಜಲಜಾ. ಇನ್ನು ಸಾಕು. ದುಡ್ಡಿನ ಉಸಾಬರಿ ನಿಮಗೆ ಎಂತಕ್ಕೆ? ನೀವು ನಾಳೆ ಇನ್ನೊಂದು ಮನೆಗೆ ಹೋಗುವವರು. ಈ ಮನೆಯ ಲೆಕ್ಕ ಅಲ್ಲಿಗೆ ಹೋಗ್ಲಿಕ್ಕೆ ಆಗುದಿಲ್ಲ.”

ನಾನು ನಡುಬಾಗಿಲ ಹೊಸ್ತಿಲ ಮೇಲೆ ನಿಂತಿದ್ದೆ. ಸುಮತಿಯ ಪ್ರಶ್ನೆ ಇನ್ನೂ ನನ್ನ ಕಿವಿಯಲ್ಲಿತ್ತು. ಆಮೇಲೆ ಎಷ್ಟೋ ವೇದಿಕೆಗಳ ಮೇಲೆ ಎಷ್ಟೋ ವಾದಗಳನ್ನು ಮಾಡಿದ್ದೇನೆ. ಅಂಥದೊಂದು ಇನ್ನೊಮ್ಮೆ ಬಾಯಿಗೆ ಬಂದಿಲ್ಲ.

“ಹೋಗುವವರಿಗೆ ಬೇಡ, ಸರಿ ದೊಡ್ಡಪ್ಪ. ಬಂದವರಿಗೆ ಯಾಕಿಲ್ಲ? ಅಮ್ಮ ಬಂದವಳಲ್ವಾ? ದೊಡ್ಡಮ್ಮ ಬಂದವರಲ್ವಾ? ಅವರಿನ್ನು ಎಲ್ಲಿಗೆ ಹೋಗುದು?”

ಉತ್ತರದ ಬದಲು ದೊಡ್ಡಮ್ಮನ ಕೈ ಬಂತು. ನನ್ನ ಜಡೆ ಹಿಡಿದು ಅಡುಗೆಮನೆಯವರೆಗೂ ನಡೆಸಿಕೊಂಡು ಹೋದರು. ಹಿರಿಯರ ಎದುರು ನಾಲಗೆ ಉದ್ದ ಮಾಡುವುದನ್ನು ಇಸ್ಕೂಲಿನಲ್ಲಿ ಕಲಿಸುತ್ತಾರಾ ಎಂದು ಕೇಳಿದರು, ಇನ್ನು ಮೇಲೆ ಹುಡುಗಿಯರು ಒಳಮೆಟ್ಟಿಲು ಇಳಿಯಕೂಡದು ಎಂದು ದೊಡ್ಡಪ್ಪನ ಪರವಾಗಿ ಆಜ್ಞೆಯನ್ನೂ ಹೊರಡಿಸಿದರು. ಅಪ್ಪ ಹೊರಕೋಣೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅಣ್ಣನ ಎದುರು ಅವರ ತಲೆ ಯಾವಾಗಲೂ ಹಾಗೆಯೇ ಇರುತ್ತಿತ್ತು. ದೊಡ್ಡಮ್ಮ ಅತ್ತ ಹೋದ ಮೇಲೆ, ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಮ್ಮ ನನ್ನ ಹತ್ತಿರ ಬಂದು ಕೂತಳು. ಬೈಯುತ್ತಾಳೆಂದು ಕಾದೆ.

“ಈಗ ಕೇಳಿದಿಯಲ್ಲ, ಬಂದವರ ವಿಷಯ,” ಎಂದಳು. “ಅದನ್ನು ಇನ್ನೊಮ್ಮೆ ಹೇಳು.”

ಹೇಳಿದೆ. ಅವಳು ಕೇಳಿಸಿಕೊಂಡು ಪಾಯಸದ ಪಾತ್ರೆ ತೊಳೆಯಲು ಎದ್ದಳು.

ಇಲ್ಲಿ ವ್ಯಾಪಾರದ ಮನೆಗಳ ಒಂದು ನಿಯಮವನ್ನು ಹೇಳಬೇಕು. ದಿನದ ಮೊದಲ ಮಾರಾಟಕ್ಕೆ ಬೋಣಿ ಎನ್ನುತ್ತಾರೆ. ಬೋಣಿಯ ಗಿರಾಕಿ ಯಾರೇ ಆಗಿರಲಿ, ಅವರನ್ನು ತಿರುಗಿಸಿ ಕಳಿಸುವಂತಿಲ್ಲ, ಅವರ ದುಡ್ಡನ್ನು ಬೇಡ ಎನ್ನುವಂತಿಲ್ಲ; ಎಂದರೆ ಆ ದಿನದ ವ್ಯಾಪಾರ ಕೆಟ್ಟಿತು. ಬಂದ ಕಾಸನ್ನು ಕಣ್ಣಿಗೊತ್ತಿಕೊಂಡೇ ಗಲ್ಲಾಕ್ಕೆ ಹಾಕಬೇಕು. ತಮ್ಮೊಡನೆ ಜಗಳವಾಡಿ ವ್ಯಾಜ್ಯಕ್ಕೆ ಹೋಗಿದ್ದ ಪಕ್ಕದ ಅಂಗಡಿಯವನು ಬೋಣಿಗೆ ಬಂದಾಗಲೂ ದೊಡ್ಡಪ್ಪ ಕೈಮುಗಿದು ಕಾಫಿ ಕೊಡಿಸಿದ್ದನ್ನು ನಾವು ಕಂಡಿದ್ದೆವು. ವಿಜಯದಶಮಿ ಕಳೆದು ಕೆಲವು ದಿನಗಳಾದ ಮೇಲೆ, ಹೋಟೆಲಿನ ಬಾಗಿಲು ತೆರೆಯುವ ಸದ್ದು ಕೆಳಗಿನಿಂದ ಕೇಳಿದ ಕೂಡಲೇ, ಅಮ್ಮ ಮದುವೆಗೆ ಹೊರಟವಳಂತೆ ಸೀರೆ ಸರಿಮಾಡಿಕೊಂಡು ನನ್ನನ್ನೂ ಸುಮತಿಯನ್ನೂ ಓಣಿಯ ಮೆಟ್ಟಿಲಿನಿಂದ ಇಳಿಸಿದಳು. ಒಳಮೆಟ್ಟಿಲು ಇಳಿಯಬಾರದೆಂಬ ಆಜ್ಞೆಯನ್ನು ನಾವು ಮೀರಲಿಲ್ಲ. ಓಣಿಯನ್ನು ಸುತ್ತಿ, ಮುಖ್ಯಬೀದಿಗೆ ಬಂದು, ಎಲ್ಲರೂ ಬರುವ ಮುಂಬಾಗಿಲಿನಿಂದ ಹೋಟೆಲಿಗೆ ಬಂದೆವು. ದೊಡ್ಡಪ್ಪ ಗಲ್ಲಾದ ಮೇಲಿನ ಲಕ್ಷ್ಮಿಯ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದರು. ಒಳಗೆ ಬೇರೆ ಗಿರಾಕಿ ಇನ್ನೂ ಇರಲಿಲ್ಲ.

ಅಮ್ಮ ಅವರ ಕಡೆ ನೋಡದೆ ಹೆಂಗಸರಿಗೆಂದು ಮರದ ತಡಿಕೆ ಕಟ್ಟಿದ್ದ ಫ್ಯಾಮಿಲಿ ರೂಮಿಗೆ ಹೋಗಿ ಕೂತಳು. ಗಂಡನ ಅಣ್ಣನೊಡನೆ ನೇರವಾಗಿ ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ಅವಳು ಬಾವನಿಗೆ ಒಂದು ಮಾತು ಆಡಿದವಳಲ್ಲ. ಸರ್ವರ್ ಹುಡುಗ ದಿಕ್ಕು ತೋಚದೆ ನಿಂತ. ಅವನಿಗಿಂತ ಮೊದಲು ಒಲೆಮನೆಯಿಂದ ಅಪ್ಪ ಬಂದರು. ಸೊಂಟದ ಬೈರಾಸಿನಲ್ಲಿ ಕೈ ಒರೆಸಿಕೊಳ್ಳುತ್ತ, ಹೆಂಡತಿ ಮಕ್ಕಳನ್ನು ನೋಡಿದರು, ಗಲ್ಲಾದ ಕಡೆ ಒಮ್ಮೆ ನೋಡಿದರು. ಅವರು ನಮ್ಮನ್ನು ಎಬ್ಬಿಸಿ ಮೇಲೆ ಕಳಿಸಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಅವರು ಆ ಹುಡುಗನನ್ನು ಪಕ್ಕಕ್ಕೆ ಸರಿಸಿದರು.

“ಎಂತ ಕೊಡ್ಲಿ?” ಎಂದು ಕೇಳಿದರು, ಗಿರಾಕಿಗಳಿಗೆ ಕೇಳುವ ದನಿಯಲ್ಲೇ.

ಅಮ್ಮ ಸುಮತಿಯ ಕಡೆ ಕೈ ತೋರಿಸಿದಳು. ಬೇಕಾದ್ದನ್ನು ನೀನೇ ಹೇಳು, ನೀನೇ ದುಡ್ಡು ಕೊಡು ಎಂದು ಅವಳ ಮುಷ್ಟಿಗೆ ಡಬ್ಬದ ಕಾಸು ತುಂಬಿ ತಂದಿದ್ದಳು. ಸುಮತಿ ಒಂದು ವಡೆ ಹೇಳಿದಳು. ಅಪ್ಪ ಬಾಣಲೆಯಿಂದ ಇಳಿಸಿದ ವಡೆಯನ್ನು ಎರಡು ಬಗೆಯ ಚಟ್ನಿಯ ಜೊತೆ ತಾವೇ ತಂದಿಟ್ಟರು. ಅವಳು ಅದನ್ನು ಊದಿ ಊದಿ ತಿಂದು, ಕೈತೊಳೆದು, ನೇರ ಗಲ್ಲಾಕ್ಕೆ ಹೋಗಿ, ತುದಿಗಾಲಲ್ಲಿ ನಿಂತು ಒಂದು ಐದು ಪೈಸೆಯನ್ನೂ ಒಂದು ಒಂದು ಪೈಸೆಯನ್ನೂ ಇಟ್ಟಳು. ಒಂದಾಣೆಯ ವಡೆಗೆ ಆರು ನಯಾಪೈಸೆ. ತಡಿಕೆಯ ಸಂದಿನಿಂದ ನಾನು ದೊಡ್ಡಪ್ಪನ ಮುಖವನ್ನೇ ನೋಡುತ್ತಿದ್ದೆ. ಬೋಣಿಯ ಕಾಸು. ಅದನ್ನು ಬೇಡ ಎಂದರೆ ಲಕ್ಷ್ಮಿಯನ್ನೇ ಬೇಡ ಎಂದಂತೆ, ಅದೂ ಊದುಬತ್ತಿ ಇನ್ನೂ ಉರಿಯುತ್ತಿರುವಾಗ. ಅವರ ಕೈ ಆ ಎರಡು ನಾಣ್ಯಗಳ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಎತ್ತಿ, ಕಣ್ಣಿಗೊತ್ತಿಕೊಂಡು, ಪೆಟ್ಟಿಗೆಗೆ ಹಾಕಿದರು.

ಅಷ್ಟಕ್ಕೆ ನಿಂತಿದ್ದರೂ ಸಾಕಾಗಿತ್ತು. ಆದರೆ ಸುಮತಿ ಬಂದು ನನಗೊಂದು ವಡೆ ಹೇಳಿದಳು, ನಾನು ತಿಂದು ಮುಗಿಸುವವರೆಗೆ ಕಾದು, ಗಲ್ಲಾಕ್ಕೆ ಹೋಗಿ ಮತ್ತೆ ಆರು ಪೈಸೆ ಇಟ್ಟಳು. ಅಮ್ಮನಿಗೆ ಮೂರನೆಯದು. ಅಷ್ಟರಲ್ಲಿ ಹೋಟೆಲು ತುಂಬತೊಡಗಿತ್ತು. ಸಗಟು ಅಂಗಡಿಗಳ ಗುಮಾಸ್ತರು ಬಿಲ್ಲು ಕೊಡಲು ನಿಂತಿದ್ದರು. ಅವರ ಮೊಣಕಾಲುಗಳ ನಡುವೆ ನುಗ್ಗಿ ಮತ್ತೆ ಬಂದ ಅವಳನ್ನು ಕಂಡು ದೊಡ್ಡಪ್ಪ ತಡೆಯಲಾರದೆ, ಎಲ್ಲವನ್ನೂ ಒಟ್ಟಿಗೆ ಕೊಡಲಿಕ್ಕೆ ಆಗುವುದಿಲ್ಲವಾ ಮಗಾ ಎಂದು ಕೇಳಿದರು.

“ಸೇತ್ತು ಕುಡುತ್ತಾ ಪತ್ತೊಂಬದು ಆಗುಮೇ,” ಎಂದಳು ಸುಮತಿ. ಒಟ್ಟಿಗೆ ಕೊಟ್ಟರೆ ಹತ್ತೊಂಬತ್ತು ಆಗುತ್ತದಲ್ಲ.

ದೊಡ್ಡಪ್ಪ ಹಿಂದಕ್ಕೆ ತಿರುಗಿ ಪಟ್ಟಿಯನ್ನು ನೋಡಿದರು. ಒಂದಾಣೆಗೆ ಆರು, ಮೂರಾಣೆಗೆ ಹತ್ತೊಂಬತ್ತು. ಬಿಡಿಬಿಡಿಯಾಗಿ ಕೊಂಡರೆ ಹದಿನೆಂಟೇ. ಪಟ್ಟಿ ಬಂದಂದಿನಿಂದ ಅದರ ಕೆಳಗೆ ಕೂತವರಿಗೂ ಎದುರು ನಿಂತವರಿಗೂ ಹೊಳೆಯದಿದ್ದುದು ಹೊಳೆದಾಗ ಗುಮಾಸ್ತರೆಲ್ಲ ನಕ್ಕರು. ಒಬ್ಬರು ತಮ್ಮ ಬಿಲ್ಲನ್ನೂ ಹಾಗೆಯೇ ಒಡೆದು ಕೊಡುತ್ತೇನೆಂದು ತಮಾಷೆ ಮಾಡಿದರು. ದೊಡ್ಡಪ್ಪ ನಗಲಿಲ್ಲ. ಆರು ಪೈಸೆಯನ್ನು ಒಳಗೆ ಹಾಕಿ, ಮುಂದಿನವರ ಬಿಲ್ಲಿಗೆ ಕೈಚಾಚಿದರು.

ಮೇಲೆ ಬಂದಾಗ ಮನೆ ಬೇರೆಯಾಗಿತ್ತು. ದೊಡ್ಡಮ್ಮ ಅಮ್ಮನೊಡನೆ ಮಾತು ಬಿಟ್ಟರು. ಮಾತು ಬಿಡುವ ಮೊದಲು, ಯಜಮಾನರ ಮನೆಯ ಹೆಂಗಸು ಕಾಸು ಕೊಟ್ಟು ಹೋಟೆಲಿನಲ್ಲಿ ತಿಂದದ್ದನ್ನು ಊರಿನವರು ಕೇಳಿದರೆ ಏನೆಂದುಕೊಂಡಾರು, ಮಾನ ಎಂಬುದಿಲ್ಲವೇ ಎಂದು ದೇವರ ಕೋಣೆಯಲ್ಲಿ ದೇವರಿಗೆ ಹೇಳುವಂತೆ ಗಟ್ಟಿಯಾಗಿ ಹೇಳಿದರು. ದೊಡ್ಡಪ್ಪ ಎರಡು ದಿನ ಊಟಕ್ಕೆ ಮಹಡಿಗೆ ಬರಲಿಲ್ಲ. ಅಪ್ಪನನ್ನು ಏನು ಕೇಳಿದರೋ ತಿಳಿಯದು, ಅಪ್ಪ ಹೇಳಲಿಲ್ಲ. ಆದರೆ ಅಡುಗೆಮನೆಯ ಪಾಠ ನಿಲ್ಲಲಿಲ್ಲ. ಪಾಠ ನಡೆಯುತ್ತಿದ್ದ ಒಂದು ಮಧ್ಯಾಹ್ನ ದೊಡ್ಡಮ್ಮ ಬಾಗಿಲಲ್ಲಿ ಕಾಣಿಸಿಕೊಂಡು, ಅಮ್ಮನ ಕಡೆ ನೋಡದೆಯೇ, ಸೆರಗಿನ ಗಂಟು ಬಿಚ್ಚಿ ಎರಡು ನಾಣ್ಯಗಳನ್ನು ಸುಮತಿಯ ಕೈಗೆ ಹಾಕಿದರು.

“ಇದು ಎಷ್ಟಾಗ್ತದೆ ಕಾಣು. ಮುಂದಿನ ಸಲ ಹೋದ್ರೆ ನನಗೊಂದು ವಡೆ ತಾ. ಬಿಸಿ ಇರುವಾಗಲೇ ತಾ ಮಾರಾಯ್ತಿ, ತಣ್ಣಗಾದದ್ದು ತಿಂದು ನಾಲಗೆ ಸತ್ತಿದೆ.”

ಮುಂದಿನ ಸಲ ಹೋದಾಗ ದೊಡ್ಡಪ್ಪ ಸಿದ್ಧರಾಗಿದ್ದರು. ಅವರು ಬುದ್ಧಿವಂತರು, ಅವರನ್ನು ನಾನು ಯಾವತ್ತೂ ಹಗುರವಾಗಿ ತೂಗಿಲ್ಲ. ನಮಗಿಂತ ಮೊದಲೇ ಯಾರಿಂದಲೋ ಬೋಣಿ ಮಾಡಿಸಿಕೊಂಡಿದ್ದರು. ನಾವು ತಿಂದು ಸುಮತಿ ಗಲ್ಲಾಕ್ಕೆ ಹೋದಾಗ ಅವರು ಪೆಟ್ಟಿಗೆಯ ಮುಚ್ಚಳ ಹಾಕಿ, ಅದರ ಮೇಲೆ ಎರಡೂ ಕೈಯಿಟ್ಟು, ಬಹಳ ಪ್ರೀತಿಯಿಂದ ಮಾತಾಡಿದರು. ಮನೆಯ ಹೆಣ್ಣುಮಕ್ಕಳ ಹತ್ತಿರ ದುಡ್ಡು ತೆಗೆದುಕೊಂಡರೆ ತಮಗೆ ಪಾಪ ಸುತ್ತುತ್ತದೆ, ಬೇಕಾದಾಗ ಬನ್ನಿ, ಬೇಕಾದಷ್ಟು ತಿನ್ನಿ, ಹಾಗೇ ಹೋಗಿ, ನಿಮ್ಮದೇ ಹೋಟೆಲಲ್ಲವೇ ಎಂದರು. ಸುತ್ತ ನಿಂತ ಗಿರಾಕಿಗಳು ಮೆಚ್ಚಿ ತಲೆದೂಗಿದರು. ಸುಮತಿ ಚಾಚಿದ ಕೈ ಚಾಚಿದಂತೆಯೇ ನನ್ನ ಕಡೆ ತಿರುಗಿದಳು.

ಈ ವಾದವನ್ನು ನಾನು ಆಮೇಲೆ ಜೀವನದಲ್ಲಿ ಎಷ್ಟು ಬಾಯಿಗಳಿಂದ ಕೇಳಿದ್ದೇನೆ! ಎಲ್ಲ ವಾದಗಳಲ್ಲೂ ಇದೇ ಕಠಿಣವಾದುದು, ಏಕೆಂದರೆ ಇದು ಪ್ರೀತಿಯ ಸೀರೆ ಉಟ್ಟು ಬರುತ್ತದೆ. ಬೇಕಾದ್ದೆಲ್ಲ ಕೊಡುತ್ತೇವಲ್ಲ, ಮತ್ತೆ ನಿಮಗೆ ದುಡ್ಡಿನ ಲೆಕ್ಕ ಏಕೆ? ಪುಕ್ಕಟೆ ಪಡೆಯುವವಳು ಎಣಿಸಬೇಕಾಗಿಲ್ಲ. ಎಣಿಸದವಳು ಇದು ಕಡಿಮೆಯಾಯಿತು ಎಂದು ಕೇಳುವಂತಿಲ್ಲ. ಕೊಡುವವನ ಮನಸ್ಸು ಒಳ್ಳೆಯದಿರುವವರೆಗೆ ಅವಳು ತಿನ್ನುತ್ತಾಳೆ. ಇದನ್ನೆಲ್ಲ ಇಷ್ಟು ಚೊಕ್ಕವಾಗಿ ಹೇಳಲು ನನಗೆ ಕಾಲೇಜು ಬೇಕಾಯಿತು. ಅಮ್ಮನಿಗೆ ಬೇಕಾಗಲಿಲ್ಲ. ಅವಳು ಫ್ಯಾಮಿಲಿ ರೂಮಿನ ತಡಿಕೆಯಿಂದ ಹೊರಗೆ ಬಂದು, ಗಲ್ಲಾಕ್ಕೆ ನಾಲ್ಕು ಮಾರು ದೂರದಲ್ಲಿ, ಸೆರಗು ಹೊದ್ದು, ನನ್ನ ಮುಖವನ್ನೇ ನೋಡುತ್ತ, ಇಡೀ ಹೋಟೆಲಿಗೆ ಕೇಳುವಂತೆ ಹೇಳಿದಳು:

“ಜಲಜಾ,  ದೊಡ್ಡಪ್ಪನಿಗೆ ಹೇಳು. ಇಲ್ಲಿ ನಮ್ಮ ದುಡ್ಡು ತೆಕ್ಕೊಳ್ಳುದಿಲ್ಲ ಅಂತಾದ್ರೆ ಪರವಾಗಿಲ್ಲ. ನಾಳೆಯಿಂದ ಎದುರಿನ ಹೋಟೆಲಿಗೆ ಹೋಗ್ತೇವೆ. ಅವರು ತೆಕ್ಕೊಳ್ತಾರೆ.”

ನಾನು ಹೇಳಬೇಕಾಗಿಯೇ ಇರಲಿಲ್ಲ. ಆದರೂ ಪದ್ಧತಿಯ ಪ್ರಕಾರ ದೊಡ್ಡಪ್ಪನ ಕಡೆ ತಿರುಗಿ, ಒಂದಕ್ಷರ ಬಿಡದೆ, ಇನ್ನೊಮ್ಮೆ ಹೇಳಿದೆ. ಒಲೆಮನೆಯ ಬಾಗಿಲಲ್ಲಿ ಅಪ್ಪ ಜಾಲರಿ ಸಟ್ಟುಗ ಹಿಡಿದು ನಿಂತಿದ್ದರು. ಈ ಸಲ ಅವರ ತಲೆ ತಗ್ಗಿರಲಿಲ್ಲ. ದೊಡ್ಡಪ್ಪ ಬೀದಿಯಾಚೆಯ ಹೋಟೆಲಿನ ಬೋರ್ಡನ್ನು ನೋಡಿದರು, ಅಮ್ಮನ ಸೆರಗಿನ ಅಂಚನ್ನು ನೋಡಿದರು, ಕೊನೆಗೆ ತಮ್ಮ ಗದ್ದದ ಮಟ್ಟಕ್ಕೂ ಬಾರದ ಸುಮತಿಯ ಮುಷ್ಟಿಯನ್ನು ನೋಡಿದರು. ಮುಚ್ಚಳದ ಮೇಲಿನ ಕೈಗಳನ್ನು ತೆಗೆದರು. ಗಲ್ಲಾದ ಈಚೆಗೆ ಬಂದು ಅದೇ ಸ್ಟೂಲನ್ನು ಕಾಲಿನಿಂದ ಅವಳ ಕಡೆಗೆ ನೂಕಿದರು, ಮತ್ತೆ ಹೋಗಿ ತಮ್ಮ ಜಾಗದಲ್ಲಿ ಕೂತು ಪೆಟ್ಟಿಗೆ ತೆರೆದರು.

“ಹತ್ತು. ಎಣಿಸಿ ಕೊಡು,” ಎಂದರು.

ಸುಮತಿ ಸ್ಟೂಲು ಹತ್ತಿ, ಮುಷ್ಟಿ ಬಿಚ್ಚಿ, ಕಾಸುಗಳನ್ನು ಒಂದೊಂದಾಗಿ ಸಾಲಾಗಿ ಇಡತೊಡಗಿದಳು. ಹಿಂದೆ ಬಿಲ್ಲು ಹಿಡಿದವರ ಸಾಲು ಬಾಗಿಲವರೆಗೆ ಬೆಳೆಯಿತು, ಯಾರೋ ಕೆಮ್ಮಿದರು, ಇನ್ಯಾರೋ ಆಫೀಸಿಗೆ ಹೊತ್ತಾಯಿತೆಂದರು. ಅವಳು ಅವಸರ ಮಾಡಲಿಲ್ಲ.